ಪಾಲಿಸಿ ಬದಲಿಸಿದ ಮೇಲೆ ಮಷೀನ್‌ಗಳಿಗೆ ಬೇಗ ತಲುಪಿಸುವುದು ಹೇಗೆ? ಐದು ದಾರಿಗಳ ಹೋಲಿಕೆ

ಸೇವ್ ಒತ್ತಿ ಅರ್ಧ ಗಂಟೆ ಆಯ್ತು. ನಿರ್ವಹಣೆಯ ಕನ್ಸೋಲ್‌ನಲ್ಲಿ ಹೊಸ ಪಾಲಿಸಿ, ಅಂದರೆ ಮಷೀನ್‌ಗಳ ಭದ್ರತೆಯ ಸೆಟ್ಟಿಂಗ್‌ಗಳ ಕಟ್ಟು, ಕಾಣುತ್ತಿದೆ. ಎದುರಿಗಿರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಹಳೆಯದೇ ಓಡುತ್ತಿದೆ. ಮತ್ತೆ ಸೇವ್ ಮಾಡಬೇಕಾ? ಕಾಯಬೇಕಾ? ರೀಸ್ಟಾರ್ಟ್ ಮಾಡಿಸಬೇಕಾ? ಎಂಡ್‌ಪಾಯಿಂಟ್ ಸೆಕ್ಯುರಿಟಿ, ಅಂದರೆ ಸಂಸ್ಥೆಯ ಕಂಪ್ಯೂಟರ್‌ಗಳ ಭದ್ರತೆ, ನೋಡಿಕೊಳ್ಳುವವರೆಲ್ಲ ಈ ಗೊಂದಲಕ್ಕೆ ಒಮ್ಮೆಯಾದರೂ ಸಿಕ್ಕಿರುತ್ತಾರೆ. ಮಷೀನ್ ಎಷ್ಟು ಹೊತ್ತಿಗೊಮ್ಮೆ ಸರ್ವರ್‌ನ್ನು ಕೇಳುತ್ತದೋ ಆ ಇಂಟರ್‌ವಲ್ ಕಮ್ಮಿ ಮಾಡಿ ಅಂತ ಒಬ್ಬರು ಹೇಳುತ್ತಾರೆ. ಪುಶ್ ಮಾಡಿ ಅಂತ ಇನ್ನೊಬ್ಬರು. ಎಲ್ಲ ಬಿಟ್ಟು ಕ್ಲೌಡ್‌ಗೆ ಹೋಗಿ ಅಂತ ಮತ್ತೊಬ್ಬರು. ಮೂರು ಮಾತಿನಲ್ಲೂ ಹುರುಳಿದೆ. ಆದರೆ ನಿಮ್ಮ ಮಷೀನ್‌ಗಳು ಎಲ್ಲಿವೆ, ನೀವು ಬದಲಿಸುತ್ತಿರುವುದು ಏನು ಎನ್ನುವುದರ ಮೇಲೆ ಯಾವುದು ಸರಿ ಅನ್ನುವುದು ನಿಂತಿದೆ.

ಬೇಗ ಆಗಲಿ ಎಂದು ನಾವು ಕೇಳುವಾಗ ಯಾವ ಗಳಿಗೆಯನ್ನು ಲೆಕ್ಕಕ್ಕೆ ಹಿಡಿಯುತ್ತೇವೆ? ನಾನು ಹಿಡಿಯುವುದು ಒಂದೇ. ಯಾವ ಮಷೀನ್‌ಗೆ ಆ ಬದಲಾವಣೆ ನಿಜಕ್ಕೂ ಬೇಕಿತ್ತೋ, ಅದರಲ್ಲಿ ಅದು ಕೆಲಸ ಶುರು ಮಾಡಿದ ಗಳಿಗೆ. ಸೇವ್ ಒತ್ತಿದ ಗಳಿಗೆಗೂ ಅದಕ್ಕೂ ನಡುವೆ ಎಷ್ಟು ದೂರ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಸಮಯ ಎಲ್ಲಿ ಹೋಗುತ್ತದೆ?

ಸೇವ್ ಒತ್ತಿದಾಗ ಪಾಲಿಸಿ ಸರ್ವರ್‌ನಲ್ಲಿ ಬರೆದಿಡಲ್ಪಡುತ್ತದೆ, ಅಷ್ಟೇ. ಆಮೇಲೆ ಮಷೀನ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಂ, ಅಂದರೆ ಏಜೆಂಟ್, ಬಂದು "ನನಗೇನಾದರೂ ಹೊಸದು ಇದೆಯಾ" ಎಂದು ಕೇಳಬೇಕು. ಅದನ್ನು ಇಳಿಸಿಕೊಳ್ಳಬೇಕು. ಇಳಿಸಿಕೊಂಡಿದ್ದನ್ನು ಆಂಟಿವೈರಸ್ ಎಂಜಿನ್‌ಗೋ ಫೈರ್‌ವಾಲ್‌ಗೋ ಒಪ್ಪಿಸಿ ಜಾರಿ ಮಾಡಿಸಬೇಕು. ಕೊನೆಗೆ "ಆಯ್ತು" ಎಂದು ಸರ್ವರ್‌ಗೆ ವರದಿ ಕೊಡಬೇಕು.

ಇದರಲ್ಲಿ ಇಳಿಸಿಕೊಳ್ಳುವುದು ಸೆಕೆಂಡುಗಳ ಕೆಲಸ. ಸಮಯ ತಿನ್ನುವುದು ಏಜೆಂಟ್ ಬಂದು ಕೇಳುವವರೆಗಿನ ಕಾಯುವಿಕೆ. ಕೆಲವು ಉತ್ಪನ್ನಗಳಲ್ಲಿ ಜಾರಿಗೂ ಬೇರೆ ಗಡಿಯಾರ ಇರುತ್ತದೆ. ಮೊದಲು ಮ್ಯಾಕಫೀ ಆಗಿದ್ದ ಟ್ರೆಲಿಕ್ಸ್‌ನ ಇಪಿಒ ಎಂಬ ನಿರ್ವಹಣಾ ಸರ್ವರ್‌ನಲ್ಲಿ ಸರ್ವರ್ ಜೊತೆ ಮಾತಾಡುವ ಇಂಟರ್‌ವಲ್ ಒಂದು, ಪಾಲಿಸಿ ಜಾರಿ ಮಾಡುವ ಇಂಟರ್‌ವಲ್ ಇನ್ನೊಂದು. ವರದಿಯೂ ಹಿಂದೆ ಬೀಳುತ್ತದೆ. ಮಷೀನ್‌ನಲ್ಲಿ ಹೊಸ ಪಾಲಿಸಿ ಆಗಲೇ ಓಡುತ್ತಿದ್ದರೂ ಮುಂದಿನ ಸಲ ಏಜೆಂಟ್ ಮಾತಾಡುವವರೆಗೆ ಕನ್ಸೋಲ್ ಹಳೆಯದನ್ನೇ ತೋರಿಸಬಹುದು. ಅದನ್ನು ನೋಡಿ ಗಾಬರಿಯಾಗಿ ಮತ್ತೆ ಮತ್ತೆ ಪಾಲಿಸಿ ತಿದ್ದುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಮಷೀನ್ ನೋಡಿ, ಆಮೇಲೆ ಕನ್ಸೋಲ್ ನೋಡಿ.

ವಿಂಡೋಸ್‌ನ ಗ್ರೂಪ್ ಪಾಲಿಸಿಯಿಂದ (ಸಂಸ್ಥೆಯ ಮಷೀನ್‌ಗಳಿಗೆ ಸೆಟ್ಟಿಂಗ್ ಹಂಚುವ ವ್ಯವಸ್ಥೆ) ಮೈಕ್ರೋಸಾಫ್ಟ್‌ನ ಆಂಟಿವೈರಸ್ ಆದ ಡಿಫೆಂಡರ್‌ನ ಸೆಟ್ಟಿಂಗ್ ಕಳಿಸುವವರಿಗೆ ಇನ್ನೊಂದು ಅಡ್ಡಿ ಇದೆ. ನೀವು ಬದಲಿಸಿದ್ದು ಒಂದು ಡೊಮೇನ್ ಕಂಟ್ರೋಲರ್‌ನಲ್ಲಿ, ಅಂದರೆ ಸಂಸ್ಥೆಯ ಖಾತೆಗಳನ್ನೂ ಗ್ರೂಪ್ ಪಾಲಿಸಿಯನ್ನೂ ಇಟ್ಟುಕೊಳ್ಳುವ ಸರ್ವರ್‌ನಲ್ಲಿ. ಬೇರೆ ಕಟ್ಟಡದ ಮಷೀನ್ ಕೇಳುವುದು ಅಲ್ಲಿನ ಕಂಟ್ರೋಲರ್‌ನ್ನು. ಈ ಕಂಟ್ರೋಲರ್‌ಗಳು ಓಡಿಸುವ ಆಕ್ಟಿವ್ ಡೈರೆಕ್ಟರಿಯಲ್ಲಿ ಎರಡು ಸೈಟ್‌ಗಳ ನಡುವಿನ ರೆಪ್ಲಿಕೇಶನ್ (ಬದಲಾವಣೆಯ ನಕಲು ಕಳಿಸುವುದು) ಡಿಫಾಲ್ಟ್ ಆಗಿ 180 ನಿಮಿಷಕ್ಕೊಮ್ಮೆ. ಬೇಕಿದ್ದರೆ 15 ನಿಮಿಷದವರೆಗೆ ಇಳಿಸಬಹುದು. ಇದನ್ನು ನೋಡದೆ ಮಷೀನ್‌ನಲ್ಲಿ ಎಷ್ಟು ಸಲ ಜಿಪಿಅಪ್‌ಡೇಟ್ (ಪಾಲಿಸಿಯನ್ನು ಈಗಲೇ ತರಿಸುವ ಕಮಾಂಡ್) ಓಡಿಸಿದರೂ ಅದು ಹಳೆಯ ಪಾಲಿಸಿಯನ್ನೇ ಚಾಚೂ ತಪ್ಪದೆ ತಂದುಕೊಳ್ಳುತ್ತದೆ.

ಯಾವುದರ ಮೇಲೆ ತೂಗಬೇಕು?

ವೇಗ ಮೊದಲ ಅಳತೆ, ಆದರೆ ಸರಾಸರಿ ವೇಗ ನೋಡಬೇಡಿ. 60 ನಿಮಿಷದ ಇಂಟರ್‌ವಲ್ ಇದ್ದರೆ ಸರಾಸರಿ 30 ನಿಮಿಷಕ್ಕೆ ತಲುಪುತ್ತದೆ. ಕೇಳಲು ಚೆನ್ನಾಗಿದೆ. ದಾಳಿ ಮಾಡುವವನಿಗೆ ಬೇಕಾಗಿರುವುದು ಮಾತ್ರ ಇನ್ನೂ ಪಾಲಿಸಿ ಸಿಗದ ಒಂದು ಮಷೀನ್. ಹಾಗಾಗಿ ಕೊನೆಯ ಮಷೀನ್‌ಗೆ ತಲುಪಲು ಎಷ್ಟು ಹೊತ್ತು ಎಂದು ಕೇಳಿ.

ಎರಡನೆಯದು, ಆಫೀಸಿನ ಹೊರಗಿರುವ ಮಷೀನ್‌ಗಳಿಗೆ ಈ ದಾರಿ ಮುಟ್ಟುತ್ತದಾ? ಮೂರನೆಯದು, ಸರ್ವರ್ ಮತ್ತು ನೆಟ್‌ವರ್ಕ್ ಮೇಲೆ ಎಷ್ಟು ಭಾರ? ನಾಲ್ಕನೆಯದು ದುಡ್ಡು ಮತ್ತು ಜನ. ಲೈಸೆನ್ಸ್ ಖರ್ಚು ಎಲ್ಲರಿಗೂ ಕಾಣುತ್ತದೆ. ಇದನ್ನೆಲ್ಲ ನೋಡಿಕೊಳ್ಳುವವರ ಸಮಯ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ, ನಾನು ಅದಕ್ಕೇ ಜಾಸ್ತಿ ತೂಕ ಕೊಡುತ್ತೇನೆ. ಕಳಿಸಿದ್ದು ತಪ್ಪಾದರೆ ವಾಪಸ್ ತೆಗೆದುಕೊಳ್ಳುವ ದಾರಿ ಇದೆಯಾ? ಹೋದ ದಾರಿಯಲ್ಲೇ ವಾಪಸ್ ಬರಬಹುದು ಎಂದು ನಾವು ನಂಬಿರುತ್ತೇವೆ. ಫೈರ್‌ವಾಲ್ ಪಾಲಿಸಿಯಲ್ಲಿ ಒಂದು ರೂಲ್ ತಪ್ಪಿ ಏಜೆಂಟ್‌ನ ಸಂಪರ್ಕವೇ ಕಡಿದುಹೋದರೆ, ಸರಿ ಮಾಡಿದ ಪಾಲಿಸಿ ಸರ್ವರ್‌ನಲ್ಲೇ ಕೂತಿರುತ್ತದೆ. ಮಷೀನ್‌ಗೆ ಅದು ಬರುವುದೇ ಇಲ್ಲ.

ಮೊದಲ ದಾರಿ: ತಾನಾಗಿ ಬರಲಿ ಎಂದು ಬಿಡುವುದು

ಏನೂ ಮಾಡದಿದ್ದರೆ ಡಿಫಾಲ್ಟ್ ಸಮಯಕ್ಕೆ ಪಾಲಿಸಿ ಹೋಗುತ್ತದೆ. ಈ ಡಿಫಾಲ್ಟ್‌ಗಳು ಒಂದಕ್ಕೊಂದು ಬಹಳ ಬೇರೆ. ಗ್ರೂಪ್ ಪಾಲಿಸಿ 90 ನಿಮಿಷಕ್ಕೊಮ್ಮೆ, ಅದರ ಮೇಲೆ 0ರಿಂದ 30 ನಿಮಿಷದವರೆಗೆ ಇಂತಿಷ್ಟೇ ಎಂದು ನಿಗದಿ ಇಲ್ಲದ ತಡ ಸೇರುತ್ತದೆ. ಅಂದರೆ ಎರಡು ಗಂಟೆಯವರೆಗೂ ಆಗಬಹುದು. ಮೈಕ್ರೋಸಾಫ್ಟ್‌ನ ಕಾನ್ಫಿಗರೇಶನ್ ಮ್ಯಾನೇಜರ್‌ನಲ್ಲಿ 60 ನಿಮಿಷ. ಟ್ರೆಲಿಕ್ಸ್ ಇಪಿಒದಲ್ಲೂ 60. ಕ್ಯಾಸ್ಪರ್‌ಸ್ಕಿ ಸೆಕ್ಯುರಿಟಿ ಸೆಂಟರ್‌ನಲ್ಲಿ 15. ಮೈಕ್ರೋಸಾಫ್ಟ್ ಡಿಫೆಂಡರ್ ಫಾರ್ ಎಂಡ್‌ಪಾಯಿಂಟ್‌ನ ಸೆಕ್ಯುರಿಟಿ ಸೆಟ್ಟಿಂಗ್ಸ್ ಮ್ಯಾನೇಜ್‌ಮೆಂಟ್‌ನಲ್ಲಿ 90. ಮೈಕ್ರೋಸಾಫ್ಟ್‌ನ ಕ್ಲೌಡ್ ನಿರ್ವಹಣಾ ಸೇವೆ ಇಂಟ್ಯೂನ್‌ನಲ್ಲಿ ಮಾಮೂಲಿ ಚೆಕ್‌ಇನ್ (ಮಷೀನ್ ಬಂದು ಕೇಳುವುದು) ಸುಮಾರು 8 ಗಂಟೆಗೊಮ್ಮೆ. ಹೊಸದಾಗಿ ಸೇರಿದ ವಿಂಡೋಸ್ ಮಷೀನ್ ಮಾತ್ರ ಮೊದಲ 15 ನಿಮಿಷ ಮೂರು ನಿಮಿಷಕ್ಕೊಮ್ಮೆ, ಆಮೇಲಿನ ಎರಡು ಗಂಟೆಗಳ ಕಾಲ ಪ್ರತಿ 15 ನಿಮಿಷಕ್ಕೊಮ್ಮೆ ಬಂದು ಕೇಳುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಮಾಡಿ "ಅಬ್ಬಾ, ಎಷ್ಟು ಬೇಗ" ಅಂದುಕೊಂಡು ಮೋಸ ಹೋಗುವುದು ಇದರಿಂದಲೇ.

ಸ್ಕ್ಯಾನ್ ಸಮಯ ಬದಲಿಸಿದ್ದು, ನೋಟಿಫಿಕೇಶನ್ ಸದ್ದು ಅಡಗಿಸಿದ್ದು, ವರದಿಯ ಸೆಟ್ಟಿಂಗ್ ತಿದ್ದಿದ್ದು, ಇಂಥವಕ್ಕೆಲ್ಲ ಈ ದಾರಿ ಧಾರಾಳವಾಗಿ ಸಾಕು. ಖರ್ಚಿಲ್ಲ, ಭಾರವಿಲ್ಲ. ಮೆಲ್ಲಗೆ ಹರಡುವುದೇ ಇದರ ಒಳ್ಳೆಯ ಗುಣ. ತಪ್ಪಿದ್ದರೆ ಎಲ್ಲ ಮಷೀನ್‌ಗೂ ಮುಟ್ಟುವ ಮೊದಲೇ ಯಾರೋ ಒಬ್ಬರು ಫೋನ್ ಮಾಡಿರುತ್ತಾರೆ.

ಎರಡನೆಯ ದಾರಿ: ಇಂಟರ್‌ವಲ್ ಕಮ್ಮಿ ಮಾಡುವುದು

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ಸ್ವಲ್ಪ ಲೆಕ್ಕ ಹಾಕೋಣ. 10,000 ಮಷೀನ್‌ಗಳು 60 ನಿಮಿಷಕ್ಕೊಮ್ಮೆ ಬಂದರೆ ಸರ್ವರ್‌ಗೆ ಸೆಕೆಂಡಿಗೆ ಮೂರಕ್ಕಿಂತ ಕಮ್ಮಿ ಕರೆ. 5 ನಿಮಿಷಕ್ಕೆ ಇಳಿಸಿದರೆ ಸೆಕೆಂಡಿಗೆ 33. ಒಂದು ನಿಮಿಷಕ್ಕೆ ಇಳಿಸಿದರೆ 167. ಪ್ರತಿ ಕರೆಯಲ್ಲೂ ಏಜೆಂಟ್ ತನ್ನ ವಿವರ ಕೊಡುತ್ತದೆ, ಸರ್ವರ್ ಡೇಟಾಬೇಸ್‌ನಲ್ಲಿ ಬರೆಯುತ್ತದೆ. ಹೊಸದೇನೂ ಇಲ್ಲದಿದ್ದರೂ ಈ ಕೆಲಸ ತಪ್ಪುವುದಿಲ್ಲ. ಮಷೀನ್ ಸಂಖ್ಯೆ ಬೆಳೆದಂತೆ ಇಂಟರ್‌ವಲ್ ಜಾಸ್ತಿ ಮಾಡಿ ಎಂದು ಕ್ಯಾಸ್ಪರ್‌ಸ್ಕಿಯವರೇ ಹೇಳುತ್ತಾರೆ. ಪ್ರತಿ 10,000 ಮಷೀನ್‌ಗೆ 15 ನಿಮಿಷದ ಲೆಕ್ಕದಲ್ಲಿ.

ಸರ್ವರ್ ಒಂದು ಗಂಟೆ ನಿಂತು ಮತ್ತೆ ಎದ್ದಾಗ ನೋಡಬೇಕು. ಎಲ್ಲ ಏಜೆಂಟ್‌ಗಳೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಇಂಟರ್‌ವಲ್ ಸಣ್ಣದಿದ್ದಷ್ಟೂ ನೂಕುನುಗ್ಗಲು ಜೋರು. ಅದಕ್ಕೇ ಯಾವ ಇಂಟರ್‌ವಲ್ ಇಟ್ಟರೂ ಅದರ ಪಕ್ಕದಲ್ಲಿರುವ ರ್ಯಾಂಡಮೈಸೇಶನ್ ಸೆಟ್ಟಿಂಗ್, ಅಂದರೆ ಮಷೀನ್‌ಗಳು ಬರುವ ಸಮಯವನ್ನು ಚದುರಿಸುವುದನ್ನು, ಆಫ್ ಮಾಡಬೇಡಿ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಇಂಟರ್‌ವಲ್ ಅನ್ನುವುದೂ ಒಂದು ಪಾಲಿಸಿಯೇ ಅಲ್ವಾ? ಅದು ಮಷೀನ್‌ಗೆ ತಲುಪುವುದು ಹಳೆಯ ಇಂಟರ್‌ವಲ್ ಪ್ರಕಾರ. ಬೆಂಕಿ ಬಿದ್ದ ಮೇಲೆ 60ನ್ನು 5 ಮಾಡಿದರೆ ಆ 5 ಹೋಗಿ ಮುಟ್ಟಲು ಮತ್ತೆ 60 ನಿಮಿಷದವರೆಗೂ ಬೇಕಾಗಬಹುದು. ಅಷ್ಟರಲ್ಲಿ ನಿಮ್ಮ ನಿಜವಾದ ಬದಲಾವಣೆಯೂ ಅದೇ ಚೆಕ್‌ಇನ್‌ನಲ್ಲಿ ಹೋಗಿರುತ್ತದೆ. ತುರ್ತಿಗೆ ಇದರಿಂದ ಏನೂ ಉಪಯೋಗವಿಲ್ಲ.

ಮೊದಲೇ ಗೊತ್ತಿರುವ ಕೆಲಸಕ್ಕೆ ಮಾತ್ರ ಬಹಳ ಚೆನ್ನಾಗಿದೆ. ನಾಳೆ ರಾತ್ರಿ ದೊಡ್ಡ ಬದಲಾವಣೆ ಇದೆ ಅಂದರೆ ಇವತ್ತೇ ಆ ಗುಂಪಿನ ಇಂಟರ್‌ವಲ್ ಇಳಿಸಿ. ಕೆಲಸ ಮುಗಿದ ಮರುದಿನ ಏರಿಸಿ. ಸರ್ವರ್ ಮಷೀನ್‌ಗಳ ಗುಂಪು ಸಾಮಾನ್ಯವಾಗಿ ಚಿಕ್ಕದು, ನೆಟ್‌ವರ್ಕ್ ಗಟ್ಟಿ. ಅವಕ್ಕೆ ಯಾವಾಗಲೂ ಸಣ್ಣ ಇಂಟರ್‌ವಲ್ ಇಟ್ಟರೂ ತೊಂದರೆ ಇಲ್ಲ. ನೂರು ಮಷೀನ್ ಇರುವ ಕಡೆ ಈ ಭಾರದ ಚಿಂತೆಯೇ ಬೇಡ. ಸುಮ್ನೆ 10 ನಿಮಿಷಕ್ಕೆ ಇಟ್ಟುಬಿಡಿ.

ಮೂರನೆಯ ದಾರಿ: ಕನ್ಸೋಲ್‌ನಿಂದ ಎಬ್ಬಿಸುವುದು

ಪುಶ್ ಅಂದ ತಕ್ಷಣ ಸರ್ವರ್ ಪಾಲಿಸಿಯನ್ನು ಮಷೀನ್‌ಗೆ ತಳ್ಳುತ್ತದೆ ಎಂದು ಅನ್ನಿಸುತ್ತದೆ. ಸಾಮಾನ್ಯವಾಗಿ ಅದು ತಳ್ಳುವುದು ಒಂದು ಸಣ್ಣ ಸೂಚನೆಯನ್ನು ಮಾತ್ರ: "ಎದ್ದು ಬಂದು ತೆಗೆದುಕೊಂಡು ಹೋಗು." ಪಾಲಿಸಿಯನ್ನು ತರುವುದು ಏಜೆಂಟೇ. ಈ ವ್ಯತ್ಯಾಸ ಗೊತ್ತಿದ್ದರೆ ಎಲ್ಲಿ ಕೆಡುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಸೂಚನೆ ಹೋಗುವ ದಾರಿ ಎರಡು ಬಗೆ. ಮೊದಲ ಬಗೆಯಲ್ಲಿ ಸರ್ವರ್ ತಾನೇ ಮಷೀನ್ ಬಾಗಿಲು ತಟ್ಟುತ್ತದೆ. ಟ್ರೆಲಿಕ್ಸ್‌ನ ವೇಕ್‌ಅಪ್ ಕರೆ ಸಾಮಾನ್ಯವಾಗಿ ಮಷೀನ್‌ನ 8081 ಪೋರ್ಟ್‌ಗೆ ಹೋಗುತ್ತದೆ. ಕ್ಯಾಸ್ಪರ್‌ಸ್ಕಿ ಯುಡಿಪಿ 15000 ಬಳಸುತ್ತದೆ. ಗ್ರೂಪ್ ಪಾಲಿಸಿಯಲ್ಲಿ ವಿಂಡೋಸ್ ಸರ್ವರ್ 2012ರಿಂದ ಒಂದು ಓಯುವಿನ (ಆಕ್ಟಿವ್ ಡೈರೆಕ್ಟರಿಯಲ್ಲಿ ಮಾಡಿಟ್ಟ ಗುಂಪಿನ) ಎಲ್ಲ ಮಷೀನ್‌ಗೂ ರಿಮೋಟ್ ಅಪ್‌ಡೇಟ್ ಕಳಿಸಬಹುದು. 10 ನಿಮಿಷದೊಳಗೆ ಯಾವಾಗಲೋ ಒಮ್ಮೆ ಓಡುತ್ತದೆ. ಅದಕ್ಕೂ ಮಷೀನ್‌ನ ಫೈರ್‌ವಾಲ್‌ನಲ್ಲಿ ರಿಮೋಟ್ ಷೆಡ್ಯೂಲ್ಡ್ ಟಾಸ್ಕ್ ಮತ್ತು ಡಬ್ಲ್ಯುಎಂಐ (ವಿಂಡೋಸ್ ಮಷೀನ್ ನಿರ್ವಹಿಸುವ ಸೌಲಭ್ಯ) ದಾರಿ ತೆರೆದಿರಬೇಕು. ಒಂದೇ ನೆಟ್‌ವರ್ಕ್‌ನಲ್ಲಿ ಇದೆಲ್ಲ ಚಕಚಕನೆ ಆಗುತ್ತದೆ. ಮನೆಯ ರೌಟರ್ ಹಿಂದೆ ಕೂತ ಲ್ಯಾಪ್‌ಟಾಪ್‌ನ ಬಾಗಿಲು ಸರ್ವರ್‌ಗೆ ಕಾಣುವುದೇ ಇಲ್ಲ.

ಎರಡನೆಯ ಬಗೆಯಲ್ಲಿ ಮಷೀನ್ ತಾನೇ ಹೊರಗೆ ಒಂದು ದಾರಿ ತೆರೆದಿಟ್ಟುಕೊಂಡು ಕಾಯುತ್ತದೆ. ಕಾನ್ಫಿಗರೇಶನ್ ಮ್ಯಾನೇಜರ್‌ನ ಕ್ಲೈಂಟ್ ನೋಟಿಫಿಕೇಶನ್ ಹೀಗೆ ಕೆಲಸ ಮಾಡುತ್ತದೆ. ಕ್ಲೈಂಟೇ ಸರ್ವರ್‌ನ 10123 ಪೋರ್ಟ್‌ಗೆ ಸಂಪರ್ಕ ಇಟ್ಟುಕೊಳ್ಳುತ್ತದೆ, ಆಗದಿದ್ದರೆ ವೆಬ್ ಪೋರ್ಟ್‌ಗೆ ಬರುತ್ತದೆ. ಇಸೆಟ್ ತನ್ನದೇ ಪುಶ್ ನೋಟಿಫಿಕೇಶನ್ ಸೇವೆ ಇಟ್ಟಿದೆ. ಇಂಟ್ಯೂನ್ ಕೂಡ ಪಾಲಿಸಿ ಹಂಚಿದಾಗ, ಬದಲಿಸಿದಾಗ ಮಷೀನ್‌ಗೆ ಸೂಚನೆ ಕಳಿಸುತ್ತದೆ. ಸೂಚನೆ ಮುಟ್ಟಿದ ಮಷೀನ್ 8 ಗಂಟೆ ಕಾಯುವುದಿಲ್ಲ. ಡಿಫೆಂಡರ್ ಪೋರ್ಟಲ್‌ನ ಮಷೀನ್ ಪುಟದಲ್ಲಿ ಪಾಲಿಸಿ ಸಿಂಕ್ ಬಟನ್ ಇದೆ. ಅದಕ್ಕೆ ಹತ್ತು ನಿಮಿಷದ ಲೆಕ್ಕ ಇಟ್ಟುಕೊಳ್ಳಿ.

ನಿಮ್ಮ ಉತ್ಪನ್ನ ಯಾವ ಬಗೆಯದು ಎಂದು ಇವತ್ತೇ ತಿಳಿದುಕೊಳ್ಳಿ. ಮೊದಲ ಬಗೆಯಾದರೆ ನಿಮ್ಮದೇ ಎಂಡ್‌ಪಾಯಿಂಟ್ ಫೈರ್‌ವಾಲ್ ಪಾಲಿಸಿ ಆ ಪೋರ್ಟ್‌ನ್ನು ಮುಚ್ಚಿದೆಯಾ ನೋಡಿ. ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಆಗಿತ್ತು. ಒಳಬರುವ ಸಂಪರ್ಕವೆಲ್ಲ ಮುಚ್ಚುವ ಒಳ್ಳೆಯ ಪಾಲಿಸಿ ಹಾಕಿದೆವು. ತಿಂಗಳುಗಟ್ಟಲೆ ಯಾರಿಗೂ ಏನೂ ಅನ್ನಿಸಲಿಲ್ಲ, ಯಾಕೆಂದರೆ ಮಾಮೂಲಿ ಚೆಕ್‌ಇನ್ ನಡೆಯುತ್ತಲೇ ಇತ್ತು. ತುರ್ತು ಬಂದ ದಿನ ವೇಕ್‌ಅಪ್ ಕರೆ ಕಳಿಸಿದರೆ ಒಂದು ಮಷೀನ್ ಕೂಡ ಏಳಲಿಲ್ಲ. ಬಳಸದ ದಾರಿ ಮುಚ್ಚಿಹೋಗಿರುವುದು ಬೇಕಾದ ದಿನವೇ ಗೊತ್ತಾಗುತ್ತದೆ.

ಖರ್ಚಿನ ಮಾತಿಗೆ ಬಂದರೆ, ಇದು ನೀವು ಆಗಲೇ ಕೊಂಡಿರುವುದರಲ್ಲೇ ಇರುತ್ತದೆ. ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಕಮ್ಮಿ ಖರ್ಚಿನಲ್ಲಿ ಅತಿ ಹೆಚ್ಚು ವೇಗ ಸಿಗುವುದು ಇಲ್ಲಿಯೇ. ಎಲ್ಲರನ್ನೂ ಒಂದೇ ಸಲ ಎಬ್ಬಿಸಬೇಡಿ, ಗುಂಪು ಗುಂಪಾಗಿ ಎಬ್ಬಿಸಿ.

ನಾಲ್ಕನೆಯ ದಾರಿ: ಸದಾ ಸಂಪರ್ಕದಲ್ಲಿರುವ ಏಜೆಂಟ್

ಇಲ್ಲಿ ಏಜೆಂಟ್ ಸರ್ವರ್ ಜೊತೆ ಮಾತು ನಿಲ್ಲಿಸುವುದೇ ಇಲ್ಲ. ಸಿಮ್ಯಾಂಟೆಕ್ ಎಂಡ್‌ಪಾಯಿಂಟ್ ಪ್ರೊಟೆಕ್ಷನ್‌ನ ಪುಶ್ ಮೋಡ್ ಸ್ವಂತ ಸರ್ವರ್‌ನಲ್ಲೇ ಇದನ್ನು ಕೊಡುತ್ತದೆ. ಅದೇ ಉತ್ಪನ್ನದ ಪುಲ್ ಮೋಡ್‌ನಲ್ಲಿ ಹಾರ್ಟ್‌ಬೀಟ್, ಅಂದರೆ ನಿಗದಿಯಾದ ಚೆಕ್‌ಇನ್, ಬಂದಾಗ ಮಾತ್ರ ಮಾತು. ಕ್ಯಾಸ್ಪರ್‌ಸ್ಕಿಯಲ್ಲಿ ಆಯ್ದ ಮಷೀನ್‌ಗಳಿಗೆ ಸರ್ವರ್ ಸಂಪರ್ಕ ಕಡಿಯಬೇಡ ಎಂದು ಗುರುತು ಹಾಕಬಹುದು, ಆದರೆ ಅದು ಕೆಲವು ನೂರು ಮಷೀನ್‌ಗಳಿಗೆ ಮಾತ್ರ ಇರುವ ಸೌಲಭ್ಯ. ಕ್ರೌಡ್‌ಸ್ಟ್ರೈಕ್‌ನಂಥ ಕ್ಲೌಡ್ ಉತ್ಪನ್ನಗಳು ಹುಟ್ಟಿದ್ದೇ ಹೀಗೆ.

ಲ್ಯಾಪ್‌ಟಾಪ್ ಎಲ್ಲೇ ಇರಲಿ, ಇಂಟರ್‌ನೆಟ್ ಇದ್ದರೆ ಸಾಕು. ವಿಪಿಎನ್ ಹಾಕುವವರೆಗೆ ಕಾಯುವುದು ತಪ್ಪುತ್ತದೆ. ಹೊರಗೆ ಓಡಾಡುವ ಸಿಬ್ಬಂದಿ ಜಾಸ್ತಿ ಇದ್ದರೆ ಈ ಒಂದು ಕಾರಣಕ್ಕೇ ಕ್ಲೌಡ್ ಆರಿಸಬಹುದು. ಸರ್ವರ್ ನೋಡಿಕೊಳ್ಳುವ ಕೆಲಸವೂ ಇಲ್ಲ. ಇದಕ್ಕೆ ಬದಲಾಗಿ ಪ್ರತಿ ಮಷೀನ್‌ಗೂ ವರ್ಷ ವರ್ಷ ಚಂದಾ ಕಟ್ಟುತ್ತೀರಿ. ಮಷೀನ್‌ಗಳ ವಿವರ ಬೇರೆಯವರ ಸರ್ವರ್‌ಗೆ ಹೋಗುತ್ತದೆ. ನಿಮ್ಮ ಪ್ರಾಕ್ಸಿ (ಇಂಟರ್‌ನೆಟ್‌ಗೆ ಹೋಗುವ ದಾರಿಯ ನಡುವಿನ ಸರ್ವರ್) ಟಿಎಲ್‌ಎಸ್ ಗೂಢಲಿಪಿ ಬಿಚ್ಚಿ ನೋಡುವಂಥದ್ದಾದರೆ ಸಂಪರ್ಕ ಮುರಿಯಬಹುದು, ಆ ವಿಳಾಸಗಳಿಗೆ ವಿನಾಯಿತಿ ಕೊಡಬೇಕು. ಹೊರಗಿನ ಸಂಪರ್ಕವೇ ಇಲ್ಲದ ಮುಚ್ಚಿದ ನೆಟ್‌ವರ್ಕ್‌ಗೆ ಇದು ಆಗುವುದಿಲ್ಲ.

ವೇಗಕ್ಕೆ ಇನ್ನೊಂದು ಮುಖವೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಕಂಟೆಂಟ್ ಫೈಲ್ ವಿಂಡೋಸ್ ಮಷೀನ್‌ಗಳನ್ನು ಬೀಳಿಸಿತು. 78 ನಿಮಿಷದಲ್ಲಿ ಅವರು ಅದನ್ನು ವಾಪಸ್ ತೆಗೆದರು. ಅಷ್ಟರಲ್ಲಿ ಸುಮಾರು 85 ಲಕ್ಷ ಮಷೀನ್‌ಗಳಿಗೆ ಪೆಟ್ಟು ಬಿದ್ದಿತ್ತು. ಅದು ಪಾಲಿಸಿ ಬದಲಾವಣೆ ಆಗಿರಲಿಲ್ಲ ನಿಜ. ಆದರೆ ಬೂಟ್ ಆಗುವಾಗಲೇ ಬಿದ್ದುಹೋಗುವ ಮಷೀನ್‌ಗೆ ಸರಿಯಾದ ಫೈಲ್ ಅದೇ ದಾರಿಯಲ್ಲಿ ಹೋಗಿ ಮುಟ್ಟುವುದು ಕಷ್ಟವಾಯಿತು. ಎಷ್ಟೋ ಕಡೆ ಜನ ಒಂದೊಂದೇ ಮಷೀನ್ ಮುಂದೆ ಕೂತು ಸೇಫ್ ಮೋಡ್‌ನಲ್ಲಿ ಫೈಲ್ ಅಳಿಸಬೇಕಾಯಿತು. 2010ರ ಏಪ್ರಿಲ್ 21ರಂದು ಮ್ಯಾಕಫೀಯ ಒಂದು ಸಿಗ್ನೇಚರ್ ಫೈಲ್ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಮುಖ್ಯ ಸಿಸ್ಟಂ ಫೈಲನ್ನೇ ವೈರಸ್ ಎಂದು ತಪ್ಪು ತಿಳಿದಾಗಲೂ ಹೀಗೇ. ನೆಟ್‌ವರ್ಕೇ ಹೋದ ಮಷೀನ್‌ಗೆ ನೆಟ್‌ವರ್ಕ್ ಮೇಲೆ ಮದ್ದು ಕಳಿಸಲಾಗಲಿಲ್ಲ. ನಿಮ್ಮ ಪಾಲಿಸಿಯೂ ಇಷ್ಟೇ ವೇಗವಾಗಿ ಓಡುವಾಗ ಗುಂಪು ಮಾಡಿ ಕಳಿಸುವ ಶಿಸ್ತನ್ನು ನೀವೇ ತರಬೇಕು.

ಐದನೆಯ ದಾರಿ: ಮಷೀನ್‌ನಲ್ಲೇ ಕಮಾಂಡ್ ಓಡಿಸುವುದು

ಒಬ್ಬರ ಮಷೀನ್ ಮಾತ್ರ ಸರಿ ಮಾಡಬೇಕು, ಅವರು ಫೋನಿನಲ್ಲಿ ಕಾಯುತ್ತಿದ್ದಾರೆ. ಆಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಗ್ರೂಪ್ ಪಾಲಿಸಿಗೆ ಜಿಪಿಅಪ್‌ಡೇಟ್. ಸಿಮ್ಯಾಂಟೆಕ್‌ಗೆ ಎಸ್‌ಎಂಸಿ ಕಮಾಂಡ್ ಜೊತೆ ಅಪ್‌ಡೇಟ್‌ಕಾನ್ಫಿಗ್. ಟ್ರೆಲಿಕ್ಸ್‌ನಲ್ಲಿ ಸಿಎಂಡಿಏಜೆಂಟ್, ಅಥವಾ ಏಜೆಂಟ್ ಸ್ಟೇಟಸ್ ಮಾನಿಟರ್‌ನಲ್ಲಿ ಚೆಕ್ ನ್ಯೂ ಪಾಲಿಸೀಸ್ ಒತ್ತಿ ಆಮೇಲೆ ಎನ್‌ಫೋರ್ಸ್ ಪಾಲಿಸೀಸ್ ಒತ್ತುವುದು. ಎರಡನೆಯದನ್ನು ಒತ್ತಲು ಮರೆಯುವವರು ಬಹಳ. ಇಂಟ್ಯೂನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಆಫೀಸ್ ಖಾತೆಯ ಮಾಹಿತಿಗೆ ಹೋಗಿ ಸಿಂಕ್ ಒತ್ತಿದರೆ ಆಯ್ತು.

ಇದನ್ನೇ ರಿಮೋಟ್ ಟೂಲ್ ಅಥವಾ ಪವರ್‌ಶೆಲ್‌ನಿಂದ ನೂರಾರು ಮಷೀನ್‌ಗೆ ಓಡಿಸಬಹುದು. ಬೇರೆ ದಾರಿ ಮುಚ್ಚಿದಾಗ ಇದು ಉಳಿಯುತ್ತದೆ, ಅದೇ ಇದರ ದೊಡ್ಡ ಬೆಲೆ. ಆದರೆ ಎಲ್ಲ ಮಷೀನ್ ಮೇಲೂ ಅಡ್ಮಿನ್ ಅಧಿಕಾರ ಇರುವ ಟೂಲ್ ಕಳ್ಳನ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು 2021ರ ಜುಲೈ 2ರಂದು ಕಸೆಯಾ ವಿಎಸ್‌ಎ ದಾಳಿಯಲ್ಲಿ ಕಂಡಿದ್ದೇವೆ. ಮಷೀನ್ ನೋಡಿಕೊಳ್ಳುವ ಟೂಲ್‌ನಿಂದಲೇ ರಾನ್ಸಮ್‌ವೇರ್ ಹಂಚಲಾಯಿತು. ಇಟ್ಟುಕೊಳ್ಳಿ, ಬಿಗಿಯಾಗಿ ಬೀಗ ಹಾಕಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ. ಸ್ಕ್ರಿಪ್ಟ್‌ನಿಂದ ಸೆಟ್ಟಿಂಗ್‌ನ್ನೇ ನೇರವಾಗಿ ಬದಲಿಸಲು ಹೋಗಬೇಡಿ. ಭದ್ರತೆಯ ಸೆಟ್ಟಿಂಗ್ ಯಾರೂ ಕೆಡಿಸದಂತೆ ಕಾಯುವ ಟ್ಯಾಂಪರ್ ಪ್ರೊಟೆಕ್ಷನ್ ತಡೆಯುತ್ತದೆ, ತಡೆಯಲೇಬೇಕು. ಸ್ಕ್ರಿಪ್ಟ್‌ಗೆ "ಹೋಗಿ ಪಾಲಿಸಿ ತಾ" ಅನ್ನುವ ಕೆಲಸ ಮಾತ್ರ ಕೊಡಿ.

ಬದಲಾವಣೆ ಯಾವ ಜಾತಿಯದು?

ಯಾರಾದರೂ ನನ್ನ ಹತ್ತಿರ ಯಾವ ದಾರಿ ಎಂದು ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಇದನ್ನೇ. ಬಿಗಿ ಮಾಡುತ್ತಿದ್ದೀರಾ, ಸಡಿಲ ಮಾಡುತ್ತಿದ್ದೀರಾ, ಅಥವಾ ಸಂಪರ್ಕವನ್ನೇ ಮುಟ್ಟುತ್ತಿದ್ದೀರಾ?

ಬಿಗಿ ಮಾಡುವುದಕ್ಕೆ ಫೋಲಿನಾ ಎಂಬ ವಿಂಡೋಸ್ ದೋಷ ಒಳ್ಳೆಯ ಉದಾಹರಣೆ. 2022ರ ಮೇ 30ರಂದು ಮೈಕ್ರೋಸಾಫ್ಟ್ ಆ ದೋಷದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಪ್ಯಾಚ್ ಬಂದಿದ್ದು ಜೂನ್ 14ಕ್ಕೆ. ನಡುವಿನ ಎರಡು ವಾರ ಕೈಯಲ್ಲಿ ಇದ್ದಿದ್ದು ಸೆಟ್ಟಿಂಗ್‌ಗಳು ಮಾತ್ರ. ಒಂದು ರಿಜಿಸ್ಟ್ರಿ ಕೀ ತೆಗೆಯುವುದು, ಇಲ್ಲವೇ ಆಫೀಸ್ ಅಪ್ಲಿಕೇಶನ್‌ಗಳು ಬೇರೆ ಪ್ರೋಗ್ರಾಂ ಹುಟ್ಟಿಸದಂತೆ ತಡೆಯುವ ಡಿಫೆಂಡರ್ ರೂಲ್ ಹಾಕುವುದು. ಇಂಥ ಹೊತ್ತಿನಲ್ಲಿ 8 ಗಂಟೆ ಕಾಯುವುದು ಸಲ್ಲ. ಮೂರನೆಯ ಅಥವಾ ನಾಲ್ಕನೆಯ ದಾರಿ ಬೇಕೇ ಬೇಕು. ಆದರೆ ಆ ರೂಲ್ ಯಾವುದಾದರೂ ವಿಭಾಗದ ಎಕ್ಸೆಲ್ ಮ್ಯಾಕ್ರೋವನ್ನೂ ನಿಲ್ಲಿಸಬಹುದು ಅಲ್ವಾ? ಅಂಥ ರೂಲ್‌ಗಳಿಗೆ ಆಡಿಟ್ ಮೋಡ್ ಇದೆ, ಅದು ಏನನ್ನೂ ತಡೆಯದೆ ಲಾಗ್ ಮಾತ್ರ ಬರೆಯುತ್ತದೆ. ಶಾಂತವಾಗಿರುವ ದಿನಗಳಲ್ಲೇ ಆಡಿಟ್ ಮೋಡ್‌ನಲ್ಲಿ ಓಡಿಸಿ ಏನು ನಿಲ್ಲುತ್ತದೆ ಎಂದು ಲಾಗ್ ನೋಡಿಟ್ಟವರು ತುರ್ತಿನ ದಿನ ಹತ್ತು ನಿಮಿಷದಲ್ಲಿ ಬ್ಲಾಕ್‌ಗೆ ಹಾಕಬಲ್ಲರು. ಪುಶ್ ಎಷ್ಟೇ ವೇಗವಾಗಿರಲಿ, ಈ ತಯಾರಿ ಇಲ್ಲದಿದ್ದರೆ ಒತ್ತಲು ಕೈ ಬರುವುದಿಲ್ಲ.

ಸಡಿಲ ಮಾಡುವುದು ಅಂದರೆ ಎಕ್ಸ್‌ಕ್ಲೂಷನ್ ಕೊಡುವುದು, ಒಂದು ಫೈಲನ್ನೋ ಫೋಲ್ಡರನ್ನೋ ತಪಾಸಣೆಯಿಂದ ಬಿಡುವುದು. ಕೆಲಸ ನಿಂತಿದೆ, ಫೋನ್ ಮೇಲೆ ಫೋನ್. ಆಗ ಇಡೀ ಸಂಸ್ಥೆಗೆ ಒಂದು ಫೋಲ್ಡರ್ ಬಿಟ್ಟುಕೊಡುವ ಆತುರ ಬರುತ್ತದೆ. ಕಷ್ಟಪಡುತ್ತಿರುವ ಹತ್ತು ಮಷೀನ್‌ಗೆ ಮಾತ್ರ ಬೇಗ ಕಳಿಸಿ. ಉಳಿದವರಿಗೆ ಬೇಗ ಬೇಕಿಲ್ಲ, ಬಹುಶಃ ಬೇಕೇ ಇಲ್ಲ. ಎಕ್ಸ್‌ಕ್ಲೂಷನ್ ಕೊಟ್ಟಷ್ಟೇ ವೇಗವಾಗಿ ತೆಗೆಯುವ ದಿನವನ್ನೂ ಅದೇ ಟಿಕೆಟ್‌ನಲ್ಲಿ ಬರೆದಿಡಿ.

ಸಂಪರ್ಕ ಮುಟ್ಟುವ ಬದಲಾವಣೆಗಳು, ಅಂದರೆ ಫೈರ್‌ವಾಲ್ ರೂಲ್, ಪ್ರಾಕ್ಸಿ ವಿಳಾಸ, ಏಜೆಂಟ್‌ನ ಸರ್ವರ್ ವಿಳಾಸ, ಸರ್ಟಿಫಿಕೇಟ್. ಇವುಗಳಿಗೆ ವೇಗವೇ ಶತ್ರು. ಒಂದು ಮಷೀನ್, ಆಮೇಲೆ ಹತ್ತು, ಆಮೇಲೆ ಒಂದು ವಿಭಾಗ. ಪ್ರತಿ ಹಂತದಲ್ಲೂ ಹೊಸ ಪಾಲಿಸಿ ಸಿಕ್ಕ ಮೇಲೆ ಆ ಮಷೀನ್ ಇನ್ನೊಂದು ಸಲ ಚೆಕ್‌ಇನ್ ಮಾಡಿತಾ ಎಂದು ನೋಡಿ. ಮೊದಲ ಚೆಕ್‌ಇನ್‌ನಲ್ಲಿ ಪಾಲಿಸಿ ಬಂದಿರುತ್ತದೆ. ಸಂಪರ್ಕ ಉಳಿದಿದೆಯೋ ಇಲ್ಲವೋ ಎಂದು ಹೇಳುವುದು ಎರಡನೆಯದು.

ಹಾಗಾದರೆ ಯಾರಿಗೆ ಯಾವುದು?

ಐವತ್ತು ಮಷೀನ್, ಒಬ್ಬರೇ ಐಟಿ ನೋಡಿಕೊಳ್ಳುವವರು, ಅವರಿಗೆ ಬೇರೆ ಹತ್ತು ಕೆಲಸ. ಇಲ್ಲಿ ನಾನು ಕ್ಲೌಡ್ ಉತ್ಪನ್ನವನ್ನೇ ಹೇಳುತ್ತೇನೆ. ಚಂದಾ ಜಾಸ್ತಿ ಅನ್ನಿಸಬಹುದು, ಆದರೆ ಸರ್ವರ್ ನೋಡಿಕೊಳ್ಳುವ ಸಮಯವನ್ನು ಕೂಡಿಸಿ ನೋಡಿ. ಚಂದಾಕ್ಕೆ ದುಡ್ಡೇ ಇಲ್ಲ ಅಂದರೆ ಈಗಿರುವುದರಲ್ಲೇ ಇಂಟರ್‌ವಲ್ 10 ನಿಮಿಷಕ್ಕೆ ಇಳಿಸಿ.

ಒಂದೇ ಕ್ಯಾಂಪಸ್‌ನಲ್ಲಿ ಸಾವಿರಾರು ಡೆಸ್ಕ್‌ಟಾಪ್, ಸ್ವಂತ ಸರ್ವರ್, ಕೈಯಲ್ಲಿ ಒಳ್ಳೆಯ ನೆಟ್‌ವರ್ಕ್. ಇವರು ಹೊಸದೇನೂ ಕೊಳ್ಳಬೇಕಿಲ್ಲ. ಇಂಟರ್‌ವಲ್ ಡಿಫಾಲ್ಟ್ ಇರಲಿ, ತುರ್ತಿಗೆ ವೇಕ್‌ಅಪ್ ಕರೆ ಸಿದ್ಧ ಇರಲಿ. ತಿಂಗಳಿಗೊಮ್ಮೆ ಕರೆ ಕಳಿಸಿ ಎಷ್ಟು ಮಷೀನ್ ಎದ್ದವು ಎಂದು ಎಣಿಸಿ.

ಅರ್ಧ ಜನ ಮನೆಯಿಂದ, ರಸ್ತೆಯಿಂದ ಕೆಲಸ ಮಾಡುವ ಕಡೆ ಸ್ವಂತ ಸರ್ವರ್ ಸಾಲದು. ಪೂರ್ತಿ ಕ್ಲೌಡ್‌ಗೆ ಹೋಗಲು ಆಗದಿದ್ದರೆ ಆ ಲ್ಯಾಪ್‌ಟಾಪ್‌ಗಳನ್ನು ಮಾತ್ರ ಇಂಟರ್‌ನೆಟ್ ಮೇಲೆ ಮುಟ್ಟುವ ಗೇಟ್‌ವೇ ಹಾಕಿಸಿ. ಹಲವು ಉತ್ಪನ್ನಗಳಲ್ಲಿ ಇದಕ್ಕೆ ಬೇರೆ ಲೈಸೆನ್ಸ್ ಬೇಕಿಲ್ಲ, ಒಂದು ಮಷೀನ್ ಮತ್ತು ಅದನ್ನು ಕಾಪಾಡುವ ಶ್ರಮ ಬೇಕು.

ಕಾರ್ಖಾನೆಯ ಕಂಟ್ರೋಲ್ ಮಷೀನ್‌ಗಳು, ಆಸ್ಪತ್ರೆಯ ಉಪಕರಣಕ್ಕೆ ಜೋಡಿಸಿದ ಕಂಪ್ಯೂಟರ್‌ಗಳು ಇದ್ದರೆ ಅವನ್ನು ಬೇರೆ ಗುಂಪಿನಲ್ಲಿಡಿ. ಅವಕ್ಕೆ ವೇಗದ ದಾರಿ ಬೇಡ. ಯಾರಾದರೂ ಪಕ್ಕದಲ್ಲಿ ನಿಂತಿರುವಾಗ, ನಿಗದಿ ಮಾಡಿದ ಹೊತ್ತಿನಲ್ಲಿ, ಕೈಯಾರೆ.

ತಲುಪಿತು ಎಂದು ಹೇಗೆ ಹೇಳುವುದು?

ಯಾವ ದಾರಿ ಆರಿಸಿದರೂ ಈ ಕೆಲಸ ಉಳಿಯುತ್ತದೆ. ಕನ್ಸೋಲ್ "98 ಶೇಕಡ" ಅಂದಾಗ ಯಾವುದರಲ್ಲಿ 98 ಎಂದು ಕೇಳಿ. ಇವತ್ತು ಆನ್‌ಲೈನ್ ಇದ್ದವರಲ್ಲೋ, ಒಟ್ಟು ಮಷೀನ್‌ಗಳಲ್ಲೋ? ಬ್ಯಾಗಿನಲ್ಲಿ ಮಲಗಿರುವ ಲ್ಯಾಪ್‌ಟಾಪ್‌ನ್ನು ಯಾವ ಪುಶ್ ಕೂಡ ಎಬ್ಬಿಸುವುದಿಲ್ಲ. ರಜೆ ಮುಗಿಸಿ ಬಂದವರ ಲ್ಯಾಪ್‌ಟಾಪ್ ನೆಟ್‌ವರ್ಕ್‌ಗೆ ಸೇರಿದ ಮೊದಲ ಕೆಲವು ನಿಮಿಷ ಹಳೆಯ ಪಾಲಿಸಿಯಲ್ಲೇ ಇರುತ್ತದೆ. ಅಂಥವನ್ನು ಪಾಲಿಸಿ ಸಿಗುವವರೆಗೆ ಮುಖ್ಯ ಸರ್ವರ್‌ಗಳಿಂದ ದೂರ ಇಡುವ ಏರ್ಪಾಡು ನಿಮ್ಮ ನೆಟ್‌ವರ್ಕ್‌ನಲ್ಲಿ ಇದ್ದರೆ ಬಳಸಿ.

ಮಷೀನ್‌ನಲ್ಲಿ ನೋಡಲು ಗುರುತುಗಳಿವೆ. ಡಿಫೆಂಡರ್ ಸೆಟ್ಟಿಂಗ್ ಬದಲಾದರೆ ಅದರ ಆಪರೇಶನಲ್ ಲಾಗ್‌ನಲ್ಲಿ 5007 ಸಂಖ್ಯೆಯ ಈವೆಂಟ್ ಬೀಳುತ್ತದೆ, ಸೆಟ್ಟಿಂಗ್‌ನ ಹಳೆಯ ಮತ್ತು ಹೊಸ ಮೌಲ್ಯ ಎರಡೂ ಅದರಲ್ಲಿರುತ್ತವೆ. ಗ್ರೂಪ್ ಪಾಲಿಸಿಗೆ, ಯಾವುದು ಜಾರಿಯಲ್ಲಿದೆ ಎಂದು ತೋರಿಸುವ ಜಿಪಿರಿಸಲ್ಟ್ ಕಮಾಂಡ್ ಇದೆ. ಸಿಮ್ಯಾಂಟೆಕ್ ಕ್ಲೈಂಟ್ ತನ್ನ ಪಾಲಿಸಿಯ ಸೀರಿಯಲ್ ನಂಬರ್ ತೋರಿಸುತ್ತದೆ, ಸರ್ವರ್‌ನಲ್ಲಿರುವುದರ ಜೊತೆ ಹೋಲಿಸಿದರೆ ಸಾಕು.

ಉತ್ಪನ್ನ ಬದಲಿಸುವ ಯೋಚನೆ ಇದ್ದರೆ ಮಾರಲು ಬಂದವರ ಮಾತು ಕೇಳುವ ಮೊದಲು ನಿಮ್ಮಲ್ಲಿ ಈಗ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದುಕೊಳ್ಳಿ. ಐದು ಮಷೀನ್ ಸಾಕು. ಆಫೀಸಿನ ಡೆಸ್ಕ್‌ಟಾಪ್, ಬೇರೆ ಕಟ್ಟಡದ್ದು ಒಂದು, ವಿಪಿಎನ್‌ನಲ್ಲಿರುವುದು, ವಿಪಿಎನ್ ಇಲ್ಲದೆ ಮನೆಯಲ್ಲಿರುವುದು, ಒಂದು ಸರ್ವರ್. ಯಾರಿಗೂ ತೊಂದರೆ ಕೊಡದ ಒಂದು ಸೆಟ್ಟಿಂಗ್ ಆರಿಸಿ, ವಾರದ ಸ್ಕ್ಯಾನ್ ಸಮಯವನ್ನು ಹತ್ತು ನಿಮಿಷ ಹಿಂದೆ ಮುಂದೆ ಮಾಡುವಂಥದ್ದು. ಸೇವ್ ಒತ್ತಿದ ಸಮಯ ಬರೆದುಕೊಳ್ಳಿ. ಪ್ರತಿ ಮಷೀನ್‌ನಲ್ಲಿ ಅದು ಬದಲಾದ ಸಮಯ ಬರೆದುಕೊಳ್ಳಿ. ಮರುದಿನ ಅದನ್ನೇ ವಾಪಸ್ ಹಾಕಿ, ಈ ಸಲ ವೇಕ್‌ಅಪ್ ಅಥವಾ ಸಿಂಕ್ ಜೊತೆಗೆ. ಹತ್ತು ಸಮಯಗಳ ಆ ಪಟ್ಟಿಯಲ್ಲಿ ಅತಿ ತಡವಾಗಿದ್ದು ಯಾವ ಮಷೀನ್ ಎಂದು ನೋಡಿ, ಅಲ್ಲಿಂದ ಶುರು ಮಾಡಿ.